ಮೊದಲು ಕಪಾಟು, ಆಮೇಲೆ ಹಾಜರಿ ಪುಸ್ತಕ

ಮುದಗಲ್ ಅಂದ್ರೆ ಎಲ್ಲರಿಗೂ ನೆನಪಾಗೋದು ಕೋಟೆ, ಮೊಹರಂ. ಬಹಮನಿ, ವಿಜಯನಗರ, ಆದಿಲ್‌ಶಾಹಿಗಳು ಈ ನೆಲಕ್ಕಾಗಿ ಬಡಿದಾಡಿದ ಕಥೆ ನಮಗೆಲ್ಲ ಬಾಯಿಪಾಠ. ಆದರೆ ನಮ್ಮ ಅಜ್ಜಂದಿರ ಬದುಕನ್ನು ತಿರುಗಿಸಿದ ಇನ್ನೊಂದು ಚರಿತ್ರೆ ಇದೆ. ಅದರಲ್ಲಿ ಫಿರಂಗಿ ಇಲ್ಲ, ಪುಸ್ತಕದ ಕಪಾಟು ಇದೆ.

1948ರ ತನಕ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. ಅಲ್ಲಿ ತೆಲುಗರು ಸುಮಾರು ಅರ್ಧ, ಮರಾಠಿಗರು ಕಾಲು ಭಾಗ, ಕನ್ನಡಿಗರು ನೂರಕ್ಕೆ 12ರ ಆಸುಪಾಸು. ಉರ್ದು ಮನೆಮಾತಿನವರು ಹತ್ತರಲ್ಲಿ ಒಬ್ಬರಷ್ಟು. ಆದರೂ ಕಚೇರಿ, ಕೋರ್ಟು, ನೌಕರಿ ಎಲ್ಲ ಉರ್ದುವಿನಲ್ಲೇ. ಸಾಲಿಯಲ್ಲಿ ಕೆಳಗಿನ ತರಗತಿಗಳಿಗೆ ಕನ್ನಡ ಸಿಗುತ್ತಿತ್ತು, ಮೇಲೆ ಹತ್ತಿದಂತೆ ಉರ್ದು. ನಮ್ಮೂರಲ್ಲಿ ಉರ್ದುವಿನಲ್ಲಿ ಸಹಿ ಹಾಕಿ, ಮನೆಯಲ್ಲಿ ಅಪ್ಪಟ ಕನ್ನಡ ಮಾತಾಡುವ ಹಿರಿಯರನ್ನು ನಾನೇ ನೋಡಿದ್ದೇನೆ. ಅವರಿಗೆ ಕನ್ನಡದ ಮೇಲೆ ಪ್ರೀತಿ ಕಮ್ಮಿ ಇತ್ತಾ? ಇಲ್ಲ. ಕನ್ನಡದ ಏಣಿಗೆ ಮೇಲಿನ ಮೆಟ್ಟಿಲೇ ಇರಲಿಲ್ಲ.

ಹಾಗಂತ ನಿಜಾಮರಿಂದ ಕಲಿಯೋದು ಏನೂ ಇಲ್ಲ ಅಂತಲ್ಲ. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಅಪ್ಪಣೆ ಆದದ್ದು 1917ರಲ್ಲಿ, ಕಾಲೇಜಿನ ಪಾಠ ಶುರುವಾದದ್ದು 1919ರಲ್ಲಿ. ನಡುವೆ ಮಾಡಿದ್ದೇನು ಗೊತ್ತಾ? 1917ರಲ್ಲೇ ದಾರುಲ್ ತರ್ಜುಮಾ ಎಂಬ ಅನುವಾದ ಕಚೇರಿ ತೆರೆದು, ವಿಜ್ಞಾನ, ಗಣಿತ, ಚರಿತ್ರೆಯ ಪುಸ್ತಕಗಳನ್ನು ಉರ್ದುವಿಗೆ ತರಲು ಸಂಬಳ ಕೊಟ್ಟು ಪಂಡಿತರನ್ನು ಕೂರಿಸಿದರು. ಮೊದಲು ಕಪಾಟು, ಆಮೇಲೆ ಹಾಜರಿ ಪುಸ್ತಕ. ಒಂದು ಭಾಷೆಗೆ ವಿದ್ಯಾರ್ಥಿಗಳು ಬರಬೇಕಾದ್ರೆ ಏನು ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಉಳಿದ ಭಾಷೆಗಳಿಗೆ ಇಂಥ ಕಚೇರಿ ಇರಲಿಲ್ಲ, ಮಂದಿಯೇ ಕೈಯಿಂದ ಕಟ್ಟಿಕೊಂಡರು. ತೆಲುಗರು 1901ರಲ್ಲೇ ಹೈದರಾಬಾದ್ ನಗರದಲ್ಲಿ ಶ್ರೀಕೃಷ್ಣದೇವರಾಯಾಂಧ್ರ ಭಾಷಾ ನಿಲಯ ಎಂಬ ಗ್ರಂಥಾಲಯ ತೆರೆದರು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿತು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಕನ್ನಡ ಇಲ್ಲಿ ಸರ್ಕಾರದ ದಯೆಯಿಂದ ಉಳಿದಿಲ್ಲ.

1956ರಲ್ಲಿ ಮೈಸೂರು ರಾಜ್ಯ ಸೇರಿದೆವು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಇವತ್ತು ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಕಾನೂನು ಚೆನ್ನಾಗೇ ಇದೆ. ಆದರೆ ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಕೊಡದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡ ಸುದ್ದಿ ಮತ್ತೆ ಮತ್ತೆ ಬರುತ್ತೆ. ಇನ್ನು ಸಾಲಿಗಳ ಕಥೆ. ನಾನು ಓದಿದ ಸಾಲಿಯಲ್ಲಿ ಲೈಬ್ರರಿ ಅಂದ್ರೆ ಒಂದು ಕಬ್ಬಿಣದ ಬೀರು. ಅದಕ್ಕೊಂದು ಬೀಗ. ಪುಸ್ತಕ ಹರಿದ್ರೆ ಲೆಕ್ಕ ಕೊಡಬೇಕಲ್ಲ ಅಂತ ಅದು ತೆರೀತಾನೇ ಇರಲಿಲ್ಲ.

2019ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲು ಹೊರಟಾಗ ಪರ-ವಿರೋಧ ಜೋರಾಗೇ ನಡೀತು. ಕನ್ನಡ ಮಾಧ್ಯಮಕ್ಕೆ ಮಕ್ಕಳೇ ಬರಲ್ಲ ಅಂದರು ಒಂದು ಕಡೆಯವರು, ಪಾಲಕರಿಗೆ ಅಭಿಮಾನ ಇಲ್ಲ ಅಂದರು ಇನ್ನೊಂದು ಕಡೆಯವರು. ಆ ಬೀರುವಿನ ಬೀಗದ ಬಗ್ಗೆ ಮಾತಾಡಿದವರು ಕಮ್ಮಿ. ಸಾಫ್ಟ್‌ವೇರ್ ಕೆಲಸದಲ್ಲಿ ನಮಗೊಂದು ಮಾತು ರೂಢಿ: ಬಳಕೆದಾರರು ಬರ್ತಿಲ್ಲ ಅಂದ್ರೆ ಮೊದಲು ಬಾಗಿಲು ತೆರೆದಿದೆಯಾ ನೋಡು. ದಾಖಲಾತಿ ಸಂಖ್ಯೆ ಅಭಿಮಾನದ ಅಳತೆ ಅಲ್ಲ. ಮುಂದೆ ಓದೋಕೆ ಏನಿದೆ, ದುಡಿಯೋಕೆ ಏನಿದೆ ಅನ್ನೋದರ ಅಳತೆ. ಕನ್ನಡಕ್ಕೂ ಇದು ನಿಜ, ನಮ್ಮೂರಿನ ಉರ್ದು ಸಾಲಿಗೂ ನಿಜ, ಇಂಗ್ಲಿಷಿಗೂ ನಿಜ. ಪುಸ್ತಕ ಕೊಡದೆ ತೆರೆದ ವಿಭಾಗ ಯಾವ ಭಾಷೆಯದ್ದಾದರೂ ಬರೀ ಬೋರ್ಡು.

ಮುಂದಿನ ಸಲ ಪುರಸಭೆಯಲ್ಲೋ ಪಂಚಾಯಿತಿಯಲ್ಲೋ ತೆರಿಗೆ ಕಟ್ಟಿದಾಗ ರಸೀದಿ ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ಹೋದ ವರ್ಷ ಅದರಲ್ಲಿ ಎಷ್ಟು ಪುಸ್ತಕ ಬಂತು ಅಂತ ಕೇಳಿ. ದುಡ್ಡು ನಮ್ಮದೇ.