ಮೂಗು ತಲುಪದ ಸಂತೆ: ಬಳಸಿದ ಸರಕಿನ ವಾಸನೆ ಮತ್ತು ಮರಳಿಸುವ ಹಕ್ಕಿನ ಚರಿತ್ರೆ

ಬಳಸಿದ ಬಟ್ಟೆ, ಹಾಸಿಗೆ, ಮರದ ಪೆಟ್ಟಿಗೆ, ಪುಸ್ತಕ ಮೊದಲಾದವುಗಳನ್ನು ಕೊಳ್ಳುವವನು ಬೆಲೆ ಕೇಳುವುದಕ್ಕೆ ಮೊದಲೇ ಅವನ್ನು ಕೈಗೆತ್ತಿಕೊಂಡು, ಮಡಿಕೆ ಬಿಚ್ಚಿ, ಮೂಗಿನ ಹತ್ತಿರ ತಂದು ನೋಡುವ ರೂಢಿ ಹಳೆಯ ಸಾಮಾನಿನ ಸಂತೆಯಷ್ಟೇ ಹಳೆಯದು. ಬಣ್ಣ ಮಾಸಿರುವುದನ್ನೂ ಹೊಲಿಗೆ ಬಿಟ್ಟಿರುವುದನ್ನೂ ಕಣ್ಣು ಕಂಡುಕೊಳ್ಳುತ್ತದೆ. ಮುಗ್ಗಲು, ಕಮಟು, ಹೊಗೆಯ ಘಾಟು, ಬೆವರಿನ ನಾತ ಇವುಗಳನ್ನು ಮಾತ್ರ ಮೂಗೇ ಹಿಡಿಯಬೇಕು. ವ್ಯಾಪಾರ ಎದುರುಬದುರಾಗಿ ನಡೆಯುತ್ತಿದ್ದಷ್ಟು ಕಾಲ ಈ ದೋಷದ ಬಗ್ಗೆ ದೂರು ಹುಟ್ಟುವುದಕ್ಕೆ ಹೆಚ್ಚಿನ ಆಸ್ಪದವಿರಲಿಲ್ಲ, ಏಕೆಂದರೆ ವಾಸನೆ ಸಹಿಸದವನು ಕೊಳ್ಳದೆಯೇ ಮುಂದಿನ ಅಂಗಡಿಗೆ ನಡೆಯುತ್ತಿದ್ದನು. ಚಿತ್ರ ಮತ್ತು ನಾಲ್ಕು ಸಾಲಿನ ವಿವರಣೆಯನ್ನು ನಂಬಿ ಆನ್‌ಲೈನ್‌ನಲ್ಲಿ ಕೊಳ್ಳುವ ಪದ್ಧತಿ ಬಂದ ಮೇಲೆ ವಾಸನೆಯ ದೂರು ತನ್ನದೇ ಆದ ಒಂದು ಬಗೆಯಾಗಿ ಬೆಳೆಯಿತು. ಆದರೆ ಆ ದೂರನ್ನು ತೀರ್ಮಾನಿಸುವುದಕ್ಕೆ ಇಂದು ಬಳಕೆಯಾಗುತ್ತಿರುವ ಉಪಾಯಗಳು, ಅಂದರೆ ಮೊದಲೇ ದೋಷ ತಿಳಿಸುವುದು, ಗಡುವಿನೊಳಗೆ ಸರಕು ಮರಳಿಸುವುದು, ಬೆಲೆಯಲ್ಲಿ ಒಂದು ಪಾಲು ಇಳಿಸುವುದು, ಇವು ಯಾವುವೂ ಹೊಸವಲ್ಲ.

ಧರ್ಮಶಾಸ್ತ್ರಗಳು ನ್ಯಾಯಸಭೆಯ ಮುಂದೆ ಬರುವ ವಿವಾದಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸುವಾಗ ಕ್ರಯವಿಕ್ರಯಾನುಶಯವನ್ನೂ ಅವುಗಳಲ್ಲಿ ಸೇರಿಸಿವೆ. ಅನುಶಯವೆಂದರೆ ಕೊಂಡ ಮೇಲೆ ಅಥವಾ ಮಾರಿದ ಮೇಲೆ ಹುಟ್ಟುವ ಪಶ್ಚಾತ್ತಾಪ. ಮನುಸ್ಮೃತಿ ಈ ಪಶ್ಚಾತ್ತಾಪಕ್ಕೆ ಒಟ್ಟಾರೆ ಹತ್ತು ದಿನಗಳ ಗಡುವು ಕೊಟ್ಟರೆ, ಯಾಜ್ಞವಲ್ಕ್ಯ ಸ್ಮೃತಿಯು ಸರಕಿಗೆ ತಕ್ಕಂತೆ ಗಡುವನ್ನು ಬೇರೆಬೇರೆಯಾಗಿಸಿ, ಬಿತ್ತನೆ ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಹೊರುವ ಪ್ರಾಣಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸುವಿಗೆ ಮೂರು ದಿನ ಎಂದು ಪರೀಕ್ಷೆಯ ಕಾಲವನ್ನು ಗೊತ್ತುಮಾಡುತ್ತದೆ. ದೋಷವು ತಾನಾಗಿ ಹೊರಬೀಳುವುದಕ್ಕೆ ಎಷ್ಟು ಕಾಲ ಬೇಕೋ ಅಷ್ಟು ಗಡುವು ಎಂಬುದೇ ಇದರ ಹಿಂದಿನ ತರ್ಕವೆಂದು ತೋರುತ್ತದೆ: ಬೀಜದ ಹುಳುಕು ಮೊಳಕೆಯ ಹೊತ್ತಿಗೆ ತಿಳಿಯುತ್ತದೆ, ಹಸುವಿನ ಹಾಲು ಎರಡು ಮೂರು ಕರಾವಿನಲ್ಲಿ ತಿಳಿಯುತ್ತದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರಾ ಎಂಬ ಗ್ರಂಥ ಇದೇ ಸ್ಮೃತಿಯ ವ್ಯಾಖ್ಯಾನವಾಗಿದ್ದು, ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂ ಕಾನೂನಿನ ಆಧಾರಗ್ರಂಥವಾಯಿತು.

ಬಳಸಿದ ಬಟ್ಟೆಯ ವಿಷಯವನ್ನು ಹೆಸರಿಸಿಯೇ ನಿಯಮ ಮಾಡಿದ್ದು ನಾರದ ಸ್ಮೃತಿ. ಉಟ್ಟು ಜೀರ್ಣವಾದ, ಕೊಳೆಯಾದ ಬಟ್ಟೆಯನ್ನು ಅದು ಆ ಸ್ಥಿತಿಯಲ್ಲಿರುವಾಗಲೇ ಕೊಂಡವನು ದೋಷವಿದೆಯೆಂದು ಹೇಳಿ ಮಾರಿದವನಿಗೆ ಹಿಂದಿರುಗಿಸುವಂತಿಲ್ಲ ಎಂಬುದು ಅದರ ತೀರ್ಪು. ಹಳೆಯ ಸರಕಿನ ವ್ಯಾಪಾರದಲ್ಲಿ ಕೊಳ್ಳುವವನ ಕಣ್ಣು ಮೂಗುಗಳೇ ಅವನ ರಕ್ಷಣೆ, ಅವನ್ನು ಬಳಸದಿದ್ದುದು ಅವನದೇ ತಪ್ಪು ಎಂಬ ಈ ನಿಲುವು ಕಟುವಾಗಿ ಕಂಡರೂ, ಸರಕು ಕೈಗೆ ಸಿಗುವ ಸಂತೆಯಲ್ಲಿ ನ್ಯಾಯವಾದದ್ದೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರವೂ ಹಳೆಯ ಸಾಮಾನಿನ ಮಾರಾಟವನ್ನು ಸಂಸ್ಥಾಧ್ಯಕ್ಷನೆಂಬ ಮಾರುಕಟ್ಟೆ ಅಧಿಕಾರಿಯ ಕಣ್ಗಾವಲಿನಲ್ಲಿ ಇರಿಸುತ್ತದೆ. ಆದರೆ ಅಲ್ಲಿ ಕೇಳುವ ಪ್ರಶ್ನೆ ಸರಕು ಶುದ್ಧವೇ ಎಂಬುದಲ್ಲ. ಅದು ಮಾರುವವನದೇ ಹೌದೇ ಎಂಬುದು. ಹಳೆಯ ವಸ್ತುವಿನ ಬಗ್ಗೆ ರಾಜ್ಯಕ್ಕಿದ್ದ ಚಿಂತೆ ಕಳವಿನದು, ನಾತದ್ದಲ್ಲ.

ರೋಮಿನ ಕಾನೂನು ಇದಕ್ಕಿಂತ ಬೇರೆಯ ದಾರಿ ಹಿಡಿಯಿತು. ಪೇಟೆಯ ಉಸ್ತುವಾರಿಯಿದ್ದ ಈಡೈಲ್ ಎಂಬ ಅಧಿಕಾರಿಗಳು ಹೊರಡಿಸಿದ ಶಾಸನದಂತೆ, ಗುಲಾಮರನ್ನೂ ದುಡಿಮೆಯ ಪ್ರಾಣಿಗಳನ್ನೂ ಮಾರುವವನು ಅವರಲ್ಲಿರುವ ರೋಗವನ್ನೂ ದೋಷವನ್ನೂ ಮೊದಲೇ ಬಾಯಿಬಿಟ್ಟು ಹೇಳಬೇಕಿತ್ತು. ಹೇಳದಿದ್ದರೆ ಕೊಂಡವನಿಗೆ ಎರಡು ದಾರಿಗಳಿದ್ದವು: ಆರು ತಿಂಗಳೊಳಗೆ ದಾವೆ ಹೂಡಿ ಕೊಂಡದ್ದನ್ನು ಮರಳಿಸಿ ಪೂರ್ತಿ ಹಣ ಪಡೆಯುವುದು, ಇಲ್ಲವೇ ಒಂದು ವರ್ಷದೊಳಗೆ ದಾವೆ ಹೂಡಿ, ಕೊಂಡದ್ದನ್ನು ಇಟ್ಟುಕೊಂಡೇ ದೋಷಕ್ಕೆ ತಕ್ಕಷ್ಟು ಬೆಲೆ ಇಳಿಸಿಕೊಳ್ಳುವುದು. ಮನುಷ್ಯರನ್ನು ಸರಕಿನ ಸಾಲಿನಲ್ಲಿ ನಿಲ್ಲಿಸಿದ ಈ ಕಾನೂನಿನ ಪುಟಗಳನ್ನು ಇಂದು ಅಳುಕಿಲ್ಲದೆ ಓದುವುದು ಸಾಧ್ಯವಿಲ್ಲ. ಆದರೂ ವಾಸನೆಯನ್ನು ಕುರಿತ ಅತ್ಯಂತ ಹಳೆಯ ನ್ಯಾಯಚರ್ಚೆಗಳಲ್ಲೊಂದು ಅಲ್ಲಿಯೇ ಇದೆ. ಜಸ್ಟಿನಿಯನ್ ಚಕ್ರವರ್ತಿ 533ರಲ್ಲಿ ಜಾರಿಗೆ ತಂದ ಡೈಜೆಸ್ಟ್ ಎಂಬ ನ್ಯಾಯಸಂಗ್ರಹದಲ್ಲಿ, ಬಾಯಿ ನಾರುವ ಗುಲಾಮನನ್ನು ಆರೋಗ್ಯವಂತನೆಂದು ಮಾರಬಹುದೇ ಎಂಬ ಪ್ರಶ್ನೆ ಬರುತ್ತದೆ. ಬಾಯಿಯ ಕೊಳೆಯಿಂದ ಬಂದ ನಾತ ರೋಗವಲ್ಲವೆಂಬುದು ಟ್ರೆಬೇಷಿಯಸ್ ಎಂಬ ನ್ಯಾಯವಿದನ ಅಭಿಪ್ರಾಯ. ಆದರೆ ಅದು ಯಕೃತ್ತಿನಿಂದಲೋ ಶ್ವಾಸಕೋಶದಿಂದಲೋ ಬರುತ್ತಿದ್ದರೆ ದೋಷವೇ ಸರಿ ಎಂದು ಆ ಗ್ರಂಥ ಮುಂದುವರಿಸುತ್ತದೆ. ತೊಳೆದರೆ ಹೋಗುವ ವಾಸನೆ ಬೇರೆ, ವಸ್ತುವಿನ ಒಡಲಿನಿಂದಲೇ ಏಳುವ ವಾಸನೆ ಬೇರೆ ಎಂಬ ಈ ವಿಂಗಡಣೆಗಿಂತ ಹೆಚ್ಚು ಉಪಯುಕ್ತವಾದದ್ದು ಮುಂದಿನ ಶತಮಾನಗಳಲ್ಲಿಯೂ ಬರಲಿಲ್ಲ.

ಮಧ್ಯಯುಗದ ಯುರೋಪಿನಲ್ಲಿ ಪ್ರಶ್ನೆ ಕೊಳ್ಳುವವನ ಅಸಮಾಧಾನದಿಂದ ಊರಿನ ಸಾವುನೋವಿನ ಕಡೆಗೆ ತಿರುಗಿತು. ಕೆಟ್ಟ ಗಾಳಿಯೇ ರೋಗವೆಂದು ನಂಬಿದ್ದ ಆ ಕಾಲದಲ್ಲಿ ನಾರುವ ಹಾಸಿಗೆಯೆಂದರೆ ರೋಗದ ಗಂಟು. ವೆನಿಸ್ ನಗರ 1468ರಲ್ಲಿ ಲಜರೆಟ್ಟೊ ನುವೋವೊ ಎಂಬ ದ್ವೀಪವನ್ನು ಹಡಗುಗಳ ತಡೆಗಾಗಿ ಮೀಸಲಿಟ್ಟು, ಅಲ್ಲಿ ಸರಕನ್ನು ಬಿಚ್ಚಿ ಗಾಳಿಗೆ ಹರಡಿ, ಸುವಾಸನೆಯ ಗಿಡಮೂಲಿಕೆಗಳ ಹೊಗೆ ಹಾಕುವ ಏರ್ಪಾಡು ಮಾಡಿತು. 1665ರ ಪ್ಲೇಗಿನಲ್ಲಿ ಲಂಡನ್ನಿನ ಆಡಳಿತ ಹಳೆಯ ಹಾಸಿಗೆ ಬಟ್ಟೆಗಳನ್ನು ಕೂಗಿ ಮಾರುವುದನ್ನೂ ಒತ್ತೆಯಿಡುವುದನ್ನೂ ನಿಷೇಧಿಸಿತು. ಸಿದ್ಧಾಂತ ತಪ್ಪಾಗಿದ್ದರೂ ಕ್ರಮ ವ್ಯರ್ಥವಾಗಿರಲಿಲ್ಲ, ಏಕೆಂದರೆ ಪ್ಲೇಗನ್ನು ಹರಡುವ ಚಿಗಟಗಳು ಬಟ್ಟೆಯ ಗಂಟಿನಲ್ಲಿ ಪಯಣಿಸಬಲ್ಲವು; ಚಿಗಟದ ಈ ಪಾತ್ರವನ್ನು ಪಾಲ್ ಲೂಯಿ ಸಿಮೊಂ ಮುಂದಿಟ್ಟದ್ದು 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟ ವರ್ಷದಲ್ಲಿಯೇ.

ವಾಸನೆ ದೋಷವಾಗದೆ ಸರಕಿನ ಅಸಲಿತನಕ್ಕೆ ಮುದ್ರೆಯಾದ ಒಂದು ಪ್ರಸಂಗವೂ ಈ ಚರಿತ್ರೆಗೆ ಸೇರುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಾಶ್ಮೀರದ ಶಾಲುಗಳು ಯುರೋಪಿಗೆ ಹೋಗುವಾಗ ನುಸಿ ಹಿಡಿಯದಿರಲೆಂದು ಅವುಗಳ ಮಡಿಕೆಗಳಲ್ಲಿ ಪಚೌಲಿಯ ಒಣ ಎಲೆಗಳನ್ನು ಇಡುತ್ತಿದ್ದರು. ಕನ್ನಡಿಗರು ಹೂವಿನ ಮಾಲೆಯಲ್ಲಿ ಸೇರಿಸಿ ಕಟ್ಟುವ ಪಚ್ಚೆತೆನೆ ಇದೇ ಕುಲದ ಗಿಡ. ಮಣ್ಣಿನ ಒದ್ದೆತನವನ್ನೂ ಕರ್ಪೂರದ ತೀಕ್ಷ್ಣತೆಯನ್ನೂ ನೆನಪಿಸುವ ಅದರ ಗಂಧ ಉಣ್ಣೆಯ ಎಳೆಗಳಲ್ಲಿ ಬಹುಕಾಲ ನಿಲ್ಲುವುದರಿಂದ, ಲಂಡನ್ ಮತ್ತು ಪ್ಯಾರಿಸ್ಸಿನ ಗಿರಾಕಿಗಳು ಶಾಲನ್ನು ಮೂಸಿ ನೋಡಿ ಭಾರತದ್ದು ಹೌದೋ ಅಲ್ಲವೋ ಎಂದು ನಿರ್ಧರಿಸತೊಡಗಿದರು. ನೇಯ್ಗೆಯನ್ನು ಚೆನ್ನಾಗಿ ಅನುಕರಿಸಿದ್ದ ಫ್ರೆಂಚ್ ತಯಾರಕರಿಗೆ ಈ ಪರೀಕ್ಷೆಯಲ್ಲಿ ಗೆಲ್ಲಲಾಗಲಿಲ್ಲ. ಕೊನೆಗೆ ಗುಟ್ಟು ತಿಳಿದು, ಅವರು ಎಲೆಯನ್ನೇ ತರಿಸಿ ತಮ್ಮ ನಕಲಿ ಶಾಲುಗಳಿಗೆ ಗಂಧ ಹಿಡಿಸಿದರೆಂದು ಸುಗಂಧ ತಯಾರಕ ಸೆಪ್ಟಿಮಸ್ ಪೀಸ್ 1850ರ ದಶಕದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಮೂಗನ್ನು ನಂಬಿದ ಗಿರಾಕಿಯನ್ನು ಮೂಗಿನ ಮೂಲಕವೇ ಮೋಸಗೊಳಿಸಬಹುದೆಂಬುದು ಇಲ್ಲಿ ಸಾಬೀತಾಯಿತು. ಬಳಸಿದ ಬಟ್ಟೆಯ ಮೇಲೆ ಸುಗಂಧ ಸಿಂಪಡಿಸಿ ಕಳುಹಿಸುವ ಇಂದಿನ ಮಾರಾಟಗಾರನೂ ಅದೇ ಕುಶಲತೆಯ ಬಡ ವಾರಸುದಾರ.

ಇಂಗ್ಲೆಂಡಿನ ಕಾನೂನು ದೀರ್ಘಕಾಲ ನಾರದನ ಪಕ್ಷದಲ್ಲಿಯೇ ಇತ್ತು. ಕೊಳ್ಳುವವನೇ ಎಚ್ಚರವಾಗಿರಲಿ ಎಂಬುದು ಅದರ ಸಾಮಾನ್ಯ ಧೋರಣೆ. ಹೆನ್ರಿ ಮೇಹ್ಯೂ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ವಿವರಿಸಿದ ಲಂಡನ್ನಿನ ಹಳೆಬಟ್ಟೆ ಪೇಟೆಯಲ್ಲಿ, ಸವೆದ ಕೋಟಿಗೆ ಬಣ್ಣ ಹಿಡಿಸಿ ಹೊಸದರಂತೆ ಕಾಣಿಸುವ ಕಸುಬಿನವರೇ ಪ್ರತ್ಯೇಕವಾಗಿದ್ದರು. 1893ರ ಸರಕು ಮಾರಾಟ ಕಾಯಿದೆ ಈ ಧೋರಣೆಯನ್ನು ಸ್ವಲ್ಪ ಸಡಿಲಿಸಿತು, ಅದರ ಮಾದರಿಯಲ್ಲಿ ಬಂದ ಭಾರತದ 1930ರ ಕಾಯಿದೆಯೂ ಅದನ್ನೇ ಅನುಸರಿಸಿತು: ಅಂಥ ಸರಕಿನ ವ್ಯಾಪಾರಿಯಿಂದ ವಿವರಣೆಯ ಮೇಲೆ ಕೊಂಡ ವಸ್ತು ಮಾರಾಟಯೋಗ್ಯವಾಗಿರಬೇಕು, ಆದರೆ ಕೊಂಡವನು ಅದನ್ನು ಮೊದಲೇ ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಗೊತ್ತಾಗಬೇಕಿದ್ದ ದೋಷಕ್ಕೆ ಮಾರಿದವನು ಹೊಣೆಯಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು ಪುಟ ತಿರುವಿ ಕೊಂಡವನು ಮನೆಗೆ ಹೋದ ಮೇಲೆ ಬೂಷ್ಟಿನ ವಾಸನೆಯೆಂದು ದೂರಿದರೆ ಈ ಷರತ್ತೇ ಅವನಿಗೆ ಅಡ್ಡ ಬರುತ್ತದೆ.

ಕೊಳ್ಳುವವನ ಪರೀಕ್ಷೆಯೆಂಬ ಈ ಆಧಾರಸ್ತಂಭವೇ ದೂರದ ವ್ಯಾಪಾರದಲ್ಲಿ ಕುಸಿಯಿತು. ಪಿಯೆರ್ ಒಮಿಡ್ಯಾರ್ 1995ರಲ್ಲಿ ಅಮೆರಿಕದಲ್ಲಿ ಆರಂಭಿಸಿದ, ಮುಂದೆ ಈಬೇ ಎಂದು ಹೆಸರಾದ ಹರಾಜುತಾಣದಲ್ಲಿ ಅಪರಿಚಿತರು ಅಪರಿಚಿತರಿಗೆ ಹಳೆಯ ವಸ್ತುಗಳನ್ನು ಅಂಚೆಯಲ್ಲಿ ಕಳುಹಿಸತೊಡಗಿದರು. 1996ರಲ್ಲಿ ಅಲ್ಲಿ ಪರಸ್ಪರರ ಬಗ್ಗೆ ಅಭಿಪ್ರಾಯ ಬರೆಯುವ ವ್ಯವಸ್ಥೆ ಬಂದಾಗ, ಪೊಟ್ಟಣ ಬಿಚ್ಚಿದ ಕೂಡಲೇ ಸಿಗರೇಟಿನ ಘಾಟು ಹೊಡೆಯಿತೆಂಬ ಮಾತಿಗೆ ಮೊದಲ ಬಾರಿಗೆ ಸಾರ್ವಜನಿಕವಾದ, ಮಾರುವವನ ಮುಂದಿನ ವ್ಯಾಪಾರಕ್ಕೆ ಪೆಟ್ಟು ಕೊಡಬಲ್ಲ ಒಂದು ಜಾಗ ಸಿಕ್ಕಿತು. ಅದಕ್ಕೆ ಉತ್ತರವಾಗಿ ಮಾರುವವರೇ ರೂಢಿಸಿಕೊಂಡದ್ದು ಮುಂಗಡ ಘೋಷಣೆ: ಮನೆಯಲ್ಲಿ ಯಾರೂ ಸಿಗರೇಟು ಸೇದುವುದಿಲ್ಲ, ನಾಯಿ ಬೆಕ್ಕುಗಳಿಲ್ಲ ಎಂಬ ಸಾಲು. 2013ರಲ್ಲಿ ಜಪಾನಿನಲ್ಲಿ ಆರಂಭವಾದ ಮೆರ್ಕಾರಿಯಂಥ ತಾಣಗಳಲ್ಲಿಯೂ ಇದೇ ಸಾಲು ವಿವರಣೆಯ ಸಹಜ ಭಾಗವಾಯಿತು. ಅಲ್ಲಿ ಕೊಂಡವನು ಸರಕು ತಲುಪಿತೆಂದು ಒಪ್ಪುವವರೆಗೂ ಹಣ ತಾಣದ ಬಳಿಯೇ ಇರುತ್ತದೆ. ರೋಮಿನ ಅಧಿಕಾರಿಗಳು ಶಾಸನದ ಬಲದಿಂದ ಹೇಳಿಸುತ್ತಿದ್ದುದನ್ನು ಇಲ್ಲಿ ಗಿರಾಕಿಯ ಮುನಿಸು ಹೇಳಿಸಿತು. ವಾಸನೆಯಿದೆಯೆಂದು ಮೊದಲೇ ಬರೆದವನು ನಾರದನ ನಿಯಮದ ಆಶ್ರಯಕ್ಕೆ ಬರುತ್ತಾನೆ, ಏಕೆಂದರೆ ಕೊಂಡವನು ಅದನ್ನು ತಿಳಿದೇ ಕೊಂಡಂತಾಯಿತು.

ಘೋಷಣೆಗೆ ಇರುವ ದೊಡ್ಡ ಅಡ್ಡಿ ಮಾರುವವನ ಅಪ್ರಾಮಾಣಿಕತೆಯಲ್ಲ, ಅವನ ಮೂಗು. ಒಂದೇ ವಾಸನೆಯ ನಡುವೆ ಇದ್ದವನ ಮೂಗು ಸ್ವಲ್ಪ ಹೊತ್ತಿನಲ್ಲಿಯೇ ಅದಕ್ಕೆ ಒಗ್ಗಿ, ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ಹೀಗಾಗಿ ನುಸಿಗುಳಿಗೆಯ ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟ ರೇಷ್ಮೆ ಸೀರೆಯನ್ನು ವಾಸನೆಯಿಲ್ಲವೆಂದು ಬರೆದು ಮಾರುವವಳು ಸುಳ್ಳು ಹೇಳುತ್ತಿರುವುದಿಲ್ಲ. ಅದೇ ಸೀರೆ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ದಿನ ಬಿಸಿಲಿನ ಲಾರಿಯಲ್ಲಿ ಪಯಣಿಸಿದಾಗ, ನೂಲಿನಲ್ಲಿ ಅಡಗಿದ್ದ ನ್ಯಾಫ್ತಲೀನ್ ಆವಿಯಾಗಿ ಹೊರಬಂದು ಚೀಲದಲ್ಲೆಲ್ಲ ತುಂಬಿಕೊಳ್ಳುತ್ತದೆ, ಬಿಚ್ಚಿದವಳ ಮುಖಕ್ಕೆ ಒಮ್ಮೆಗೇ ರಾಚುತ್ತದೆ. ಇದಲ್ಲದೆ, ವಾಸನೆ ಹಿಡಿಯುವ ಗ್ರಾಹಕಗಳ ವಂಶವಾಹಿಗಳು ಮನುಷ್ಯನಲ್ಲಿ ಸುಮಾರು 400 ಇದ್ದು, ಅವು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತವೆ. ಈ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಒಬ್ಬರಿಗೆ ತಡೆಯಲಾಗದ ಕಮಟು ಇನ್ನೊಬ್ಬರಿಗೆ ಇಲ್ಲವೇ ಇಲ್ಲವೆನ್ನಿಸುವುದು ಹಟವಲ್ಲ, ದೇಹಧರ್ಮ.

ಸಾಕ್ಷ್ಯದ ತೊಡಕೂ ಇಲ್ಲಿಯೇ ಇದೆ. ಹರಿದ ಅಂಚನ್ನು ಫೋಟೋ ತೆಗೆದು ಕಳುಹಿಸಬಹುದು, ನಾತವನ್ನು ಕಳುಹಿಸಲಾಗದು. ಮರಳಿ ಬಂದ ಕೋಟಿನಲ್ಲಿ ಮಾರಿದವನಿಗೆ ಹಳೆಯ ವಾಸನೆ ಸಿಗದೆ, ಕೊಂಡವನ ಮನೆಯ ಒಗ್ಗರಣೆಯ ವಾಸನೆ ಸಿಕ್ಕರೆ ಜಗಳ ಎರಡಾಗುತ್ತದೆ. ಆದ್ದರಿಂದ ಅನುಭವಿ ಮಾರಾಟಗಾರರು ವಾಸನೆ ಇದೆಯೋ ಇಲ್ಲವೋ ಎಂಬ ವಾದಕ್ಕೆ ಇಳಿಯುವುದಿಲ್ಲ. ಅದು ಯಾವ ಬಗೆಯದು, ಗಾಳಿಗೆ ಹಾಕಿದ ಮೇಲೂ ಉಳಿದಿದೆಯೇ ಎಂದು ಕೇಳುತ್ತಾರೆ. ಟ್ರೆಬೇಷಿಯಸ್ಸನ ವಿಂಗಡಣೆ ಕೆಲಸಕ್ಕೆ ಬರುವುದು ಈ ಹಂತದಲ್ಲಿ. ಪೆಟ್ಟಿಗೆಯಲ್ಲಿಟ್ಟಿದ್ದರಿಂದ ಹತ್ತಿದ ಮುಗ್ಗಲು ಒಗೆತಕ್ಕೂ ಎರಡು ದಿನದ ಬಿಸಿಲಿಗೂ ಬಗ್ಗುತ್ತದೆ, ಅಂಥಲ್ಲಿ ಒಗೆತದ ಖರ್ಚಿನಷ್ಟು ಹಣ ಹಿಂದಿರುಗಿಸಿದರೆ ವಿವಾದ ಮುಗಿಯುತ್ತದೆ. ವರ್ಷಗಳ ಹೊಗೆ ಕುಡಿದ ಸೋಫಾದ ಸ್ಪಂಜಿನಿಂದ ನಿಕೋಟಿನ್ ಹಾಗೆ ಬಿಡುವುದಿಲ್ಲ; 1998ರಲ್ಲಿ ಅಮೆರಿಕದ ಉದ್ದಗಲಕ್ಕೂ ಮಾರಾಟಕ್ಕೆ ಬಂದ, ಬಟ್ಟೆಯ ವಾಸನೆ ಕಳೆಯಲು ಸಿಂಪಡಿಸುವ ಫೆಬ್ರೀಜ್ ಎಂಬ ದ್ರಾವಣದಲ್ಲಿರುವ, ಪಿಷ್ಟದಿಂದ ತಯಾರಾಗುವ ಉಂಗುರಾಕಾರದ ಸೈಕ್ಲೋಡೆಕ್ಸ್ಟ್ರಿನ್ ಅಣುಗಳು ಮೇಲ್ಪದರದ ವಾಸನೆಯನ್ನು ಬಂಧಿಸಿದರೂ, ಒಳಗಿನದು ಮತ್ತೆ ಮೇಲೇಳುತ್ತದೆ. ಅಲ್ಲಿ ಸರಕು ಮರಳಿಸುವುದೊಂದೇ ದಾರಿ.

ಭಾರತದಲ್ಲಿ ಓಎಲ್‌ಎಕ್ಸ್‌ನಂಥ ತಾಣಗಳು ಜಾಹೀರಾತನ್ನಷ್ಟೇ ಆನ್‌ಲೈನ್‌ನಲ್ಲಿ ಇರಿಸಿ ಕೊಡುಕೊಳ್ಳುವಿಕೆಯನ್ನು ಮನೆಬಾಗಿಲಿಗೆ ಬಿಟ್ಟುದರಿಂದ, ಮಂಚ, ಬೀರು, ಫ್ರಿಜ್‌ಗಳ ವ್ಯಾಪಾರದಲ್ಲಿ ಮೂಸಿ ನೋಡುವ ಅವಕಾಶ ಉಳಿಯಿತು. ಇನ್‌ಸ್ಟಾಗ್ರಾಮ್‌ನಲ್ಲಿ ಹಳೆಯ ಬಟ್ಟೆ ಮಾರುವ ಪುಟಗಳು ಆ ಅವಕಾಶವನ್ನು ಕೊಡುವುದಿಲ್ಲ. ಒಗೆದು ಇಸ್ತ್ರಿ ಮಾಡಲಾಗಿದೆ ಎಂದು ಬರೆದು, ಅದರ ಕೆಳಗೆಯೇ ಮರಳಿ ಪಡೆಯುವುದಿಲ್ಲ ಎಂದು ಸೇರಿಸುವುದು ಅಲ್ಲಿನ ವಾಡಿಕೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 2020ರ ಜುಲೈನಲ್ಲಿ ಜಾರಿಗೆ ಬಂದ ಇ-ವಾಣಿಜ್ಯ ನಿಯಮಗಳು ಈ ಎರಡನೆಯ ಸಾಲಿಗೆ ಹೆಚ್ಚಿನ ಬೆಲೆ ಕೊಡುವುದಿಲ್ಲ. ಮಾರಾಟ ತಾಣದ ದೂರು ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಇತ್ಯರ್ಥಪಡಿಸಬೇಕು. ಅಂಥ ತಾಣದ ಮೂಲಕ ಮಾರುವವನು ದೋಷವುಳ್ಳ ಅಥವಾ ಜಾಹೀರಾತಿನ ವಿವರಣೆಗೆ ಹೊಂದದ ಸರಕನ್ನು ಮರಳಿ ಪಡೆಯಲು ನಿರಾಕರಿಸುವಂತಿಲ್ಲ. ಆದರೆ ವೃತ್ತಿಯಾಗಿಯಲ್ಲದೆ ಸ್ವಂತ ಮಟ್ಟದಲ್ಲಿ ಎಂದೋ ಒಮ್ಮೆ ಮಾರುವವರನ್ನು ನಿಯಮ ಹೊರಗಿಟ್ಟಿದೆ. ಆದ್ದರಿಂದ ನಾರುವ ಕುರ್ತಾವನ್ನು ವಾರವಾರ ಮಾರುವ ಪುಟದಿಂದ ಕೊಂಡವರಿಗೆ ಕಾನೂನಿನ ಆಸರೆಯಿದೆ. ಮನೆ ಖಾಲಿ ಮಾಡುವ ಅವಸರದಲ್ಲಿ ಅದನ್ನೇ ಮಾರಿದ ಗೃಹಸ್ಥನಿಂದ ಕೊಂಡವರು ಅವನ ಸೌಜನ್ಯವನ್ನೇ ನೆಚ್ಚಿಕೊಳ್ಳಬೇಕು.