ಒಂಬತ್ತು ಸಲ ‘ಇಲ್ಲ’ ಅನ್ನಿಸ್ಕೊಂಡ ಎಂಜಿನಿಯರ್

ವಿಜ್ಞಾನದ ಹಿಂದಿನ ದುಡ್ಡು | ಭಾಗ 6

1974. ತೈಲ ಬಿಕ್ಕಟ್ಟಿನ ಕಾಲ. ಅಮೆರಿಕದ ತೈಲ ಕಂಪನಿಗಳಿಗೆ ಕೆಮಿಕಲ್ ಎಂಜಿನಿಯರ್‌ಗಳು ಬೇಕೇ ಬೇಕು. ಎಂಐಟಿಯಲ್ಲಿ ಆಗಷ್ಟೇ ಡಾಕ್ಟರೇಟ್ ಮುಗಿಸಿದ್ದ ರಾಬರ್ಟ್ ಲ್ಯಾಂಗರ್‌ಗೆ ಆಫರ್ ಮೇಲೆ ಆಫರ್. ನೀವಾಗಿದ್ರೆ ಏನ್ಮಾಡ್ತಿದ್ರಿ?

ಅವರು ಅದೆಲ್ಲ ಬಿಟ್ಟು ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸರ್ಜನ್ ಜೂಡಾ ಫೋಕ್‌ಮನ್ ಅವರ ಲ್ಯಾಬ್ ಸೇರಿದರು.

ಫೋಕ್‌ಮನ್ 1971ರಲ್ಲೇ ಒಂದು ಮಾತು ಹೇಳಿದ್ದರು: ಕ್ಯಾನ್ಸರ್ ಗಡ್ಡೆ ಬೆಳೆಯೋಕೆ ಹೊಸ ರಕ್ತನಾಳ ಬೇಕು. ಆ ನಾಳಗಳನ್ನೇ ತಡೆದರೆ? ಬಹಳ ಜನ ನಂಬಲಿಲ್ಲ. ಮೃದ್ವಸ್ಥಿಯಲ್ಲಿ, ಅಂದ್ರೆ ಕಿವಿ, ಮೂಗಿನಲ್ಲಿರೋ ಮೆತ್ತನೆ ಎಲುಬಿನಲ್ಲಿ, ರಕ್ತನಾಳ ಇರಲ್ಲ. ಹಾಗಾದ್ರೆ ತಡೆಯೋ ವಸ್ತು ಅಲ್ಲೇ ಇರಬೇಕು. ಅದನ್ನು ದನದ ಮೂಳೆಗಳಿಂದ ಬೇರ್ಪಡಿಸೋದು ಲ್ಯಾಂಗರ್ ಪಾಲಿನ ಕೆಲಸ.

ಸಿಕ್ಕಿದ್ದನ್ನು ಪರೀಕ್ಷಿಸಬೇಕಾದ್ರೆ ಅದು ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಬರಬೇಕು. ಅಷ್ಟು ದೊಡ್ಡ ಅಣುಗಳು ಪಾಲಿಮರ್‌ನಿಂದ ಹಾಗೆ ಹೊರಬರಲ್ಲ ಅನ್ನೋದು ಆಗಿನ ನಂಬಿಕೆ. ನೂರಾರು ಸಲ ಸೋತ ಮೇಲೆ ದಾರಿ ಸಿಕ್ತು. 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವೂ ಆಯ್ತು.

ಇನ್ನೇನು, ದುಡ್ಡು ಹರಿದು ಬಂತು ಅಂದ್ಕೊಂಡ್ರಾ? ಇಲ್ಲ. ಲ್ಯಾಂಗರ್ ಹಾಕಿದ ಮೊದಲ ಒಂಬತ್ತು ಅನುದಾನದ ಅರ್ಜಿಗಳೂ ತಿರಸ್ಕೃತ! ಎಂಜಿನಿಯರ್‌ಗೆ ಜೀವಶಾಸ್ತ್ರ ಏನು ಗೊತ್ತು, ಕ್ಯಾನ್ಸರ್ ಏನು ಗೊತ್ತು ಅನ್ನೋದು ಪರಿಶೀಲಕರ ತಕರಾರು. ಕೆಮಿಕಲ್ ಎಂಜಿನಿಯರಿಂಗ್ ವಿಭಾಗಗಳೂ ಕೆಲಸ ಕೊಡಲಿಲ್ಲ. ಕೊನೆಗೆ ಜಾಗ ಸಿಕ್ಕಿದ್ದು ಎಂಐಟಿಯ ಪೌಷ್ಟಿಕಾಂಶ ಮತ್ತು ಆಹಾರ ವಿಜ್ಞಾನ ವಿಭಾಗದಲ್ಲಿ.

ಹಾಗಾದ್ರೆ ಫೋಕ್‌ಮನ್ ಲ್ಯಾಬ್ ನಡೆದಿದ್ದು ಹೇಗೆ? ಅಲ್ಲಿಗೆ ಬಂದ ದೊಡ್ಡ ಮೊತ್ತ ಕಂಪನಿಯದ್ದು. 1974ರಲ್ಲಿ ಮಾನ್ಸಾಂಟೊ ಹಾರ್ವರ್ಡ್ ಜೊತೆ ಸುಮಾರು 2.3 ಕೋಟಿ ಡಾಲರ್‌ಗಳ, 12 ವರ್ಷದ ಒಪ್ಪಂದ ಮಾಡ್ಕೊಂಡಿತ್ತು. ವಿಶ್ವವಿದ್ಯಾಲಯಕ್ಕೆ ಕಂಪನಿ ದುಡ್ಡು ಯಾಕೆ ಅಂತ ಆಗಲೂ ಜನ ಕೇಳಿದ್ರು. ಕೇಳಬೇಕಾದ ಪ್ರಶ್ನೆಯೇ.

ಫಲ ಸಿಕ್ಕಿದ್ದು ಯಾವಾಗ ನೋಡಿ. 1996ರಲ್ಲಿ ‘ಗ್ಲಿಯಾಡೆಲ್’ಗೆ ಅಮೆರಿಕದಲ್ಲಿ ಅನುಮತಿ. ಮಿದುಳಿನ ಗಡ್ಡೆ ತೆಗೆದ ಜಾಗದಲ್ಲಿ ಇಡೋ ಪುಟ್ಟ ಪಾಲಿಮರ್ ಬಿಲ್ಲೆ ಅದು, ನಿಧಾನಕ್ಕೆ ಕರಗ್ತಾ ಔಷಧಿ ಬಿಡುತ್ತೆ. ಕಾಯಿಲೆ ವಾಸಿ ಮಾಡಲ್ಲ, ಸ್ವಲ್ಪ ಕಾಲ ಹೆಚ್ಚು ಕೊಡುತ್ತೆ. 2004ರಲ್ಲಿ ರಕ್ತನಾಳ ತಡೆಯೋ ಔಷಧಿ ಬೆವಾಸಿಝುಮ್ಯಾಬ್‌ಗೂ ಅನುಮತಿ. ಫೋಕ್‌ಮನ್ ಆ ಮಾತು ಹೇಳಿ 33 ವರ್ಷ ಆಗಿತ್ತು.

ಪರಿಶೀಲಕರನ್ನು ಬೈಯೋದು ಸುಲಭ. ಆದ್ರೆ ಅವರ ಕೈಯಲ್ಲಿರೋದು ಜನರ ದುಡ್ಡು, ಬರೋ ಐಡಿಯಾಗಳಲ್ಲಿ ಎಷ್ಟೋ ನಿಜಕ್ಕೂ ಸೋಲ್ತವೆ. ಕಷ್ಟ ಇರೋದು ಇಲ್ಲಿ: ದುಡ್ಡು ಬೇಕಂದ್ರೆ ಪುರಾವೆ ತೋರಿಸು ಅಂತಾರೆ, ಪುರಾವೆ ಬೇಕಂದ್ರೆ ದುಡ್ಡು ಬೇಕು. ಅದಕ್ಕೇ ಆರಂಭದ ಹಂತದ ಸಂಶೋಧನೆಗೆ ಸಿಗೋ ಸಣ್ಣ ಮೊತ್ತಕ್ಕೂ ಅಷ್ಟು ಬೆಲೆ.

ಈಗ ನೀವು ಹೇಳಿ. 1976ರಲ್ಲಿ ಆ ಅರ್ಜಿ ನಿಮ್ಮ ಮೇಜಿನ ಮೇಲಿದ್ದಿದ್ರೆ ಸಹಿ ಹಾಕ್ತಿದ್ರಾ? ಕಾಮೆಂಟ್‌ನಲ್ಲಿ ಬರೀರಿ, ಪ್ರಾಮಾಣಿಕವಾಗಿ. 👇

#ವಿಜ್ಞಾನದಹಿಂದಿನದುಡ್ಡು #ಕನ್ನಡದಲ್ಲಿವಿಜ್ಞಾನ