ದುಡಿಮೆಯ ಶಾಲೆ, ಗುಲಾಮರ ದುಡಿಮೆ: ಜಾರ್ಜಿಯಾದ ಆಕ್ಸ್‌ಫರ್ಡ್ ಊರಿನ ಮೆಥೋಡಿಸ್ಟ್ ಕಾಲೇಜಿನ ಚರಿತ್ರೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ನಗರದ ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿರುವ ಆಕ್ಸ್‌ಫರ್ಡ್, ಕಾಲೇಜಿಗೆಂದೇ ಕಟ್ಟಿದ ಸಣ್ಣ ಊರು. ಇಂದಿನ ಎಮರಿ ವಿಶ್ವವಿದ್ಯಾಲಯದ ತವರು ಇದು. ಇಂಥ ಸಂಸ್ಥೆಗಳ ಚರಿತ್ರೆಯನ್ನು ಅಧ್ಯಕ್ಷರು, ದಾನಿಗಳು, ಕಟ್ಟಡಗಳ ಕ್ರಮದಲ್ಲಿ ಬರೆಯುವುದು ವಾಡಿಕೆ. ಇಲ್ಲಿ ದುಡಿದವರು ಯಾರು ಎಂಬ ಪ್ರಶ್ನೆಯನ್ನು ಮೊದಲಿಟ್ಟರೆ ಮಾತ್ರ ಆಕ್ಸ್‌ಫರ್ಡಿನ ಮುಖ್ಯ ತಿರುವುಗಳು ಅರ್ಥವಾಗುತ್ತವೆ ಎಂಬುದು ಈ ಲೇಖನದ ವಾದ.

ಶಾಲೆಯಿಂದ ಕಾಲೇಜಿಗೆ

1830ರ ದಶಕದಲ್ಲಿ ಓದಿನ ಜೊತೆಗೆ ಮೈದುಡಿಮೆಯನ್ನೂ ಕಲಿಸುವ ಶಾಲೆಗಳು ಅಮೆರಿಕದಲ್ಲಿ ಹಲವೆಡೆ ತಲೆಯೆತ್ತಿದವು. ಹೊಲದ ಕೆಲಸದಿಂದ ದೇಹ ಗಟ್ಟಿಯಾಗುತ್ತದೆ, ಶಾಲೆಯ ಖರ್ಚೂ ಹುಟ್ಟುತ್ತದೆ, ಬಡವರ ಮಕ್ಕಳಿಗೂ ಓದು ಎಟುಕುತ್ತದೆ ಎಂಬುದು ಅವುಗಳ ಹಿಂದಿನ ನಂಬಿಕೆ. ಜಾರ್ಜಿಯಾದ ಮೆಥೋಡಿಸ್ಟರು ಕವಿಂಗ್ಟನ್ ಬಳಿ ತೆರೆದ ಶಾಲೆಯೂ ಇಂಥದೇ. ಹುಡುಗರು ದಿನಕ್ಕೆ ಕೆಲವು ಗಂಟೆ ಹೊಲದಲ್ಲಿ ದುಡಿಯಬೇಕಿತ್ತು. ಲೆಕ್ಕ ಮಾತ್ರ ಕೂಡಿಬರಲಿಲ್ಲ; ಕಲಿಯುವ ಹುಡುಗರ ಬೇಸಾಯದಿಂದ ಶಾಲೆ ನಡೆಯದೆ ಸಾಲ ಬೆಳೆಯಿತು.

ಶಾಲೆಯನ್ನು ಕಾಲೇಜಾಗಿ ಬೆಳೆಸಬೇಕೆಂದು ಪಟ್ಟು ಹಿಡಿದವರು ಇಗ್ನೇಷಿಯಸ್ ಫ್ಯೂ. 1836ರ ಡಿಸೆಂಬರ್‌ನಲ್ಲಿ ರಾಜ್ಯದ ಮನ್ನಣೆ ಸಿಕ್ಕಿತು. ಹಿಂದಿನ ವರ್ಷ ಗಾಡಿ ಅಪಘಾತದಲ್ಲಿ ತೀರಿಕೊಂಡಿದ್ದ ಬಿಷಪ್ ಜಾನ್ ಎಮರಿ ಅವರ ಹೆಸರು ಕಾಲೇಜಿಗೆ ಬಂತು. ಮೆಥೋಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ವೆಸ್ಲಿ ಸಹೋದರರು ಓದಿದ ಇಂಗ್ಲೆಂಡಿನ ವಿಶ್ವವಿದ್ಯಾಲಯದ ಹೆಸರು ಊರಿಗೆ ಬಂತು. ಮುಖ್ಯ ಬೀದಿಗಳೆಲ್ಲ ಕಾಲೇಜಿನ ಅಂಗಳಕ್ಕೇ ಬಂದು ಸೇರುವಂತೆ ಎಡ್ವರ್ಡ್ ಲಾಯ್ಡ್ ಥಾಮಸ್ ಊರಿನ ನಕ್ಷೆ ಬರೆದರು. 1838ರಲ್ಲಿ 15 ವಿದ್ಯಾರ್ಥಿಗಳೊಂದಿಗೆ ಪಾಠ ಶುರುವಾಯಿತು. ಮೈದುಡಿಮೆಯ ಪ್ರಯೋಗ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ದುಡಿಮೆಯ ಅಗತ್ಯ ಮಾತ್ರ ತಪ್ಪಲಿಲ್ಲ. ಕಟ್ಟಡ ಎಬ್ಬಿಸಲು, ಸೌದೆ ಒಡೆಯಲು, ಅಡುಗೆ ಮಾಡಲು ಜನ ಬೇಕಿತ್ತು. ಆ ಕೆಲಸಕ್ಕೆ ಗುಲಾಮರನ್ನು ಹಚ್ಚಲಾಯಿತು. ಒಡೆಯರಿಂದ ಅವರನ್ನು ಬಾಡಿಗೆಗೆ ಪಡೆಯುವ ರೂಢಿಯಿತ್ತು. ಬಾಡಿಗೆ ಹಣ ಒಡೆಯನ ಕೈ ಸೇರುತ್ತಿತ್ತು. ಅಧ್ಯಾಪಕರಲ್ಲೂ ಟ್ರಸ್ಟಿಗಳಲ್ಲೂ ಗುಲಾಮರನ್ನು ಇಟ್ಟುಕೊಂಡವರು ಹಲವರಿದ್ದರು.

1844ರ ಒಡಕು

ಕಾಲೇಜಿನ ಟ್ರಸ್ಟಿಗಳ ಮೊದಲ ಅಧ್ಯಕ್ಷರಾಗಿದ್ದ ಬಿಷಪ್ ಜೇಮ್ಸ್ ಆಸ್‌ಗುಡ್ ಆಂಡ್ರ್ಯೂ ಆಕ್ಸ್‌ಫರ್ಡಿನ ನಿವಾಸಿ. ಕಿಟ್ಟಿ ಎಂಬ ಗುಲಾಮ ಹುಡುಗಿ ಉಯಿಲಿನ ಮೂಲಕ ಅವರ ಪಾಲಿಗೆ ಬಂದಿದ್ದಳು. ಬಿಡುಗಡೆ ಪಡೆದು ಆಫ್ರಿಕಾದ ಲೈಬೀರಿಯಾಕ್ಕೆ ಹೋಗುವೆಯಾ ಎಂದು ಕೇಳಿದಾಗ ಆಕೆ ಒಲ್ಲೆ ಎಂದಳೆಂದೂ, ರಾಜ್ಯದ ಕಾನೂನಿನ ಪ್ರಕಾರ ಇಲ್ಲೇ ಬಿಡುಗಡೆ ಕೊಡಲು ಬರುವುದಿಲ್ಲವೆಂದೂ ಬಿಷಪ್ಪರು ಸಮರ್ಥಿಸಿಕೊಂಡರು. ಗುಲಾಮರನ್ನು ಬಿಡುವವರೆಗೆ ಬಿಷಪ್ ಕೆಲಸದಿಂದ ದೂರವಿರಬೇಕೆಂದು 1844ರಲ್ಲಿ ನ್ಯೂಯಾರ್ಕ್‌ನಲ್ಲಿ ಸೇರಿದ ಮೆಥೋಡಿಸ್ಟ್ ಚರ್ಚಿನ ಮಹಾಸಭೆ ನಿರ್ಣಯಿಸಿತು. ದಕ್ಷಿಣದವರ ಪರ ವಾದಿಸಿದ ಪ್ರಮುಖರಲ್ಲಿ ಎಮರಿಯ ಅಧ್ಯಕ್ಷ ಆಗಸ್ಟಸ್ ಲಾಂಗ್‌ಸ್ಟ್ರೀಟ್ ಒಬ್ಬರು. ಮರುವರ್ಷ ದಕ್ಷಿಣದವರು ತಮ್ಮದೇ ಚರ್ಚ್ ಕಟ್ಟಿಕೊಂಡರು. ಕೋಲಾರ, ಬೀದರ್‌ಗಳಿಗೆ ಬಂದ ಅಮೆರಿಕನ್ ಮೆಥೋಡಿಸ್ಟ್ ಮಿಷನ್ ಉತ್ತರದ ಶಾಖೆಗೆ ಸೇರಿದ್ದು. ದಕ್ಷಿಣದ ಶಾಖೆ ಚೀನಾ, ಕೊರಿಯಾ, ಬ್ರೆಜಿಲ್ ಕಡೆ ಹೊರಳಿತು.

ಕಿಟ್ಟಿಯ ನಿಷ್ಠೆಯ ಕಥೆಯನ್ನು ಊರಿನ ಬಿಳಿಯರು ತಲೆಮಾರುಗಟ್ಟಲೆ ಹೆಮ್ಮೆಯಿಂದ ಹೇಳಿಕೊಂಡು ಬಂದರು. ಕಪ್ಪು ಜನರ ನೆನಪಿನಲ್ಲಿ ಉಳಿದದ್ದು ಬೇರೆಯೇ ಕಥೆ. ಮಾನವಶಾಸ್ತ್ರಜ್ಞ ಮಾರ್ಕ್ ಆಸ್ಲಾಂಡರ್ 2011ರ ತಮ್ಮ ಗ್ರಂಥದಲ್ಲಿ ಎರಡನ್ನೂ ಎದುರುಬದುರು ಇಟ್ಟು ಪರಿಶೀಲಿಸಿದರು. ಗುರುತು ಪರಿಚಯವಿಲ್ಲದ ದೂರದೇಶ ಅಥವಾ ಗುಲಾಮಗಿರಿ, ಇವೆರಡೇ ಮುಂದಿದ್ದಾಗ ಹುಡುಗಿ ಕೊಟ್ಟ ಉತ್ತರವನ್ನು ಸ್ವಇಚ್ಛೆ ಎನ್ನಲಾಗದು.

ಯುದ್ಧದ ನಂತರ

ಅಂತರ್ಯುದ್ಧ ಶುರುವಾದ 1861ರಲ್ಲಿ ಕಾಲೇಜು ಮುಚ್ಚಿತು; ಕಟ್ಟಡಗಳು ಗಾಯಾಳುಗಳ ಆಸ್ಪತ್ರೆಯಾದವು. 1866ರಲ್ಲಿ ಮತ್ತೆ ಬಾಗಿಲು ತೆರೆದಾಗ ಬೊಕ್ಕಸ ಬರಿದಾಗಿತ್ತು. 1880ರಲ್ಲಿ ಅಧ್ಯಕ್ಷ ಆಟಿಕಸ್ ಹೇಗುಡ್ ತಮ್ಮ ಪ್ರವಚನವೊಂದರಲ್ಲಿ, ಗುಲಾಮಗಿರಿ ಅಳಿದದ್ದಕ್ಕೆ ದಕ್ಷಿಣವು ದೇವರಿಗೆ ಕೃತಜ್ಞವಾಗಿರಬೇಕೆಂದು ಸಾರಿದರು. ಅಚ್ಚಾದ ಆ ಪ್ರವಚನ ನ್ಯೂಯಾರ್ಕ್‌ನ ಬ್ಯಾಂಕರ್ ಜಾರ್ಜ್ ಸೀನಿ ಅವರ ಕಣ್ಣಿಗೆ ಬಿತ್ತು. ಅವರ ದಾನದಿಂದ ಸಾಲ ತೀರಿತು. 1881ರಲ್ಲಿ ಎದ್ದ ಸೀನಿ ಹಾಲ್ ಇಂದಿಗೂ ಆಕ್ಸ್‌ಫರ್ಡಿನ ಗುರುತು.

ಆದರೆ ಹೇಗುಡ್ ತೋರಿದ ಧೈರ್ಯ ಸಂಸ್ಥೆಯ ಸ್ವಭಾವವಾಗಲಿಲ್ಲ. 1902ರಲ್ಲಿ ಲ್ಯಾಟಿನ್ ಪ್ರಾಧ್ಯಾಪಕ ಆಂಡ್ರ್ಯೂ ಸ್ಲೆಡ್, ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವ ಕ್ರೌರ್ಯವನ್ನು ಖಂಡಿಸಿ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಬರೆದರು. ಕಪ್ಪು ಜನ ಬಿಳಿಯರಿಗೆ ಸಮಾನರೆಂದು ಅವರೂ ಒಪ್ಪಿರಲಿಲ್ಲ. ಮನುಷ್ಯರಾಗಿ ಅವರಿಗಿರುವ ಹಕ್ಕನ್ನು ಕಸಿಯಬಾರದು ಎಂಬುದಷ್ಟೇ ಅವರ ಮಾತು. ಅಷ್ಟಕ್ಕೇ ಪತ್ರಿಕೆಗಳಲ್ಲಿ ಕೋಲಾಹಲವೆದ್ದು ಅವರು ರಾಜೀನಾಮೆ ಕೊಡಬೇಕಾಯಿತು. ಹಿಂದಿನ ಅಧ್ಯಕ್ಷ ಬಿಷಪ್ ವಾರನ್ ಕ್ಯಾಂಡ್ಲರ್ ಅವರ ಅಳಿಯನಾಗಿದ್ದರೂ ಅವರಿಗೆ ರಕ್ಷಣೆ ಸಿಗಲಿಲ್ಲ. 1914ರಲ್ಲಿ ಎಮರಿ ಅವರನ್ನು ಮತ್ತೆ ಕರೆಸಿಕೊಂಡಿತು.

ಅದೇ ವರ್ಷ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ನ್ಯಾಯಾಲಯದ ತೀರ್ಪಿನಿಂದ ಮೆಥೋಡಿಸ್ಟರ ಕೈತಪ್ಪಿತು. ಅದರ ಬದಲಿಗೆ ಅವರು ಕಟ್ಟಲು ಹೊರಟ ಹೊಸ ವಿಶ್ವವಿದ್ಯಾಲಯಕ್ಕೆ ವಾರನ್ ಅವರ ಅಣ್ಣ, ಕೋಕಾ ಕೋಲಾದ ಏಸಾ ಕ್ಯಾಂಡ್ಲರ್ 10 ಲಕ್ಷ ಡಾಲರ್ ಕೊಟ್ಟರು. 1919ರಲ್ಲಿ ಎಮರಿ ಕಾಲೇಜು ಈ ವಿಶ್ವವಿದ್ಯಾಲಯದ ಭಾಗವಾಗಿ ಅಟ್ಲಾಂಟಾಕ್ಕೆ ಹೋಯಿತು. ಆಕ್ಸ್‌ಫರ್ಡಿನಲ್ಲಿ ಪ್ರೌಢಶಾಲೆ ಉಳಿಯಿತು. 1929ರಿಂದ ಅಲ್ಲಿ ಕಿರಿಯ ಕಾಲೇಜು ಶುರುವಾಯಿತು. ಈಗಲೂ ಪದವಿಯ ಮೊದಲೆರಡು ವರ್ಷ ಅಲ್ಲಿ ಓದುವ ವ್ಯವಸ್ಥೆಯಿದೆ.

ಉಪಸಂಹಾರ

ಎಮರಿಯ ಆರಂಭದ ದಿನಗಳು ಗುಲಾಮಗಿರಿಯೊಂದಿಗೆ ಹೆಣೆದುಕೊಂಡಿದ್ದನ್ನು ಒಪ್ಪಿ 2011ರಲ್ಲಿ ಟ್ರಸ್ಟಿಗಳ ಮಂಡಳಿ ವಿಷಾದ ಸೂಚಿಸಿತು. ದುಡಿಮೆಗೆ ಗೌರವ ತರಲು ಹುಟ್ಟಿದ ಸಂಸ್ಥೆಗೆ, ತನ್ನನ್ನು ಕಟ್ಟಿದ ದುಡಿಮೆಯನ್ನು ಒಪ್ಪಿಕೊಳ್ಳಲು 175 ವರ್ಷ ಹಿಡಿಯಿತು. ಸಂಸ್ಥೆಯ ಚರಿತ್ರೆ ಬರೆಯುವವರು ದಾನಪತ್ರದಷ್ಟೇ ಶ್ರದ್ಧೆಯಿಂದ ಕೂಲಿಯ ಲೆಕ್ಕವನ್ನೂ ಓದಬೇಕು. ದಾನಿಗಳ ಹೆಸರು ಗೋಡೆಯ ಮೇಲಿರುತ್ತದೆ. ಗೋಡೆ ಕಟ್ಟಿದವರ ಹೆಸರನ್ನು ಹುಡುಕುವ ಕೆಲಸ ಸಂಶೋಧಕರದು.